ಅರವತ್ತೊಂದು ಮನೆಗಳ ಸುಣ್ಣ

ಸುಣ್ಣದ ಕಲ್ಲು ನೀರಿಗೆ ಬಿದ್ದು ಕೊತಕೊತ ಕುದಿಯತೊಡಗಿದಾಗ ರಹಮತುಲ್ಲಾ ಡ್ರಮ್ಮಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಬೀಡಿ ಹಚ್ಚಿದ. ಆರ್.ಟಿ. ನಗರದಲ್ಲಿ ಶೇಷಗಿರಿರಾಯರ ಮನೆಯ ಹಿತ್ತಲು ಅದು. ೧೯೮೭ರ ಫೆಬ್ರವರಿ, ಬೆಳಗಿನ ಒಂಬತ್ತು ಗಂಟೆ. ಸುಣ್ಣ ಅರಳಿ ತಣ್ಣಗಾಗಲು ಹೊತ್ತು ಬೇಕು. ಆಮೇಲೆ ಅದನ್ನು ಗೋಣಿತಾಟಿನಲ್ಲಿ ಸೋಸಿ, ಗೋಂದು ಹಾಕಿ, ಚಿಟಿಕೆ ನೀಲಿ ಬೆರೆಸಬೇಕು. ನೀಲಿ ಎಷ್ಟು ಎಂಬುದನ್ನು ಅವನು ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಗೇಟಿನ ಹೊರಗೆ ಸೈಕಲ್ ನಿಂತಿತು. ಇಳಿದವನು ಖಾದರ್ ಬಾಷಾ. ರಹಮತುಲ್ಲಾ ಇದ್ದ ಹುಲ್ಲುದಿನ್ನೆಯಲ್ಲಿ ಸೌದೆ ಡಿಪೋ ಇಟ್ಟಿದ್ದವನು, ಅಲ್ಲಿನ ಮಸೀದಿ ಕಮಿಟಿಗೆ ಮುಖ್ಯಸ್ಥ. ಸಲಾಮು ಹೇಳಲಿಲ್ಲ.

"ಕೈಕು ಆಯಾ?" ಎಂದ ರಹಮತುಲ್ಲಾ, ಯಾಕೆ ಬಂದೆ ಎಂದು.

ಇಬ್ಬರೂ ತಮ್ಮ ದಖನಿ ಉರ್ದುವಿನಲ್ಲೇ ಶುರು ಮಾಡಿದರು. ದನಿ ಏರಿ ರಾಯರು ಬನಿಯನ್ನಿನಲ್ಲಿ ಹಿತ್ತಲಿಗೆ ಬಂದ ಮೇಲೆ ಜಗಳ ಕನ್ನಡಕ್ಕೆ ತಿರುಗಿತು.

"ಗುರುವಾರ ಹತ್ತು ಗಂಟೆಗೆ ಸ್ಕೂಲಲ್ಲಿ ಎಲೆಕ್ಷನ್ ವಿಚಾರಣೆ. ಆಫೀಸರ್ ಬರ್ತಾರೆ. ಸೋತ ಅಶ್ವತ್ಥಪ್ಪನವರು ಕಾಗದ ಬರೆಸಿಟ್ಟಿದಾರೆ. ನೀನು ಬಂದು ಹೆಬ್ಬೆಟ್ಟು ಒತ್ತು, ಸಾಕು" ಎಂದ ಖಾದರ್ ಬಾಷಾ.

"ನನಗೆ ಸೈನ್ ಮಾಡೋಕೆ ಬರುತ್ತೆ."

"ಹಂಗಾದ್ರೆ ಸೈನ್ ಮಾಡು. ಅಳಿಸೋಕೆ ಎಷ್ಟು ಚೆನ್ನಾಗಿ ಬರುತ್ತೆ ಅಂತ ಊರಿಗೆಲ್ಲ ಗೊತ್ತಾಗಿದೆ."

"ಏನ್ರೀ ಅದು ನನ್ನ ಹಿತ್ತಲಲ್ಲಿ ಪಂಚಾಯ್ತಿ?" ಎಂದರು ರಾಯರು.

"ಪಂಚಾಯ್ತೀದೇ ಸ್ವಾಮಿ. ನಮ್ಮ ಕೇರಿಯ ನೂರ ನಲವತ್ಮೂರು ಓಟಿಗೆ ನಿಮ್ಮ ಈ ಮೇಸ್ತ್ರಿ ಸುಣ್ಣ ಬಳಿದವನೆ. ನಿಮ್ಮ ಮನೇಲಿ ಏನಾದ್ರೂ ಬರೆದಿಟ್ಟಿದ್ರೆ ಜೋಪಾನ." ಖಾದರ್ ಬಾಷಾ ಸೈಕಲ್ ಹತ್ತಿದ. "ಗುರುವಾರ ಬರ್ಲಿಲ್ಲ ಅಂದ್ರೆ ಹುಲ್ಲುದಿನ್ನೇಲಿ ನಿನ್ನ ಮಯ್ಯತ್‌ಗೆ ಹೆಗಲು ಕೊಡೋಕೆ ನಾಲ್ಕು ಜನ ಸಿಗಲ್ಲ, ತಿಳ್ಕೋ."

ಅವನು ಹೋದ ಮೇಲೆ ರಾಯರು ಡ್ರಮ್ಮಿನೊಳಗೆ ಇಣುಕಿದರು. "ಓಟು ಹೋದ್ರೆ ಹೋಯ್ತು ಬಿಡಯ್ಯ. ನಾನು ಐದು ಸಲ ಹಾಕಿದೀನಿ, ಒಬ್ಬನೂ ಗೆದ್ದಿಲ್ಲ. ಈ ಸಲ ನೀಲಿ ಜಾಸ್ತಿ ಮಾಡ್ಬೇಡ."

ಮಯ್ಯತ್ ಎಂದರೆ ಹೆಣ. ರಹಮತುಲ್ಲಾನ ವಯಸ್ಸು ಆಗ ಐವತ್ತೆರಡು.

ಅವನ ಅಪ್ಪ ಯಶವಂತಪುರದ ಗೂಡ್ಸ್ ಷೆಡ್ಡಿನಲ್ಲಿ ವ್ಯಾಗನ್ನಿನಿಂದ ಸುಣ್ಣದಕಲ್ಲು ಇಳಿಸುತ್ತಿದ್ದ. ಅದರ ಧೂಳಿನಲ್ಲೇ ಕೆಮ್ಮಿ ಸತ್ತ. ಮಗ ಕುಂಚ ಹಿಡಿದ. ಅರವತ್ತೊಂಬತ್ತರಲ್ಲಿ ಅಮೃತಹಳ್ಳಿ ಮತ್ತು ಜಕ್ಕೂರಿನ ನಡುವಿನ ಗೋಮಾಳದಲ್ಲಿ ಕಲ್ಲು ಒಡೆಯುವ ಏಳೆಂಟು ಕುಟುಂಬಗಳು ಗೋಡೆ ಎಬ್ಬಿಸಿದಾಗ ಅವನೂ ಹೆಂಡತಿ ಸಬೀರಾಳೊಂದಿಗೆ ಅಲ್ಲಿಗೆ ಬಂದ. ಎಂಬತ್ತಾರರ ಹೊತ್ತಿಗೆ ಹುಲ್ಲುದಿನ್ನೆಯಲ್ಲಿ ಅರವತ್ತೊಂದು ಮನೆಗಳಿದ್ದವು. ಒಂದಕ್ಕೂ ಹಕ್ಕುಪತ್ರ ಇರಲಿಲ್ಲ.

ಅವನು ಆ ಕೇರಿಗೆ ತಂದ ರೂಢಿ ಒಂದೇ. ರಂಜಾನ್ ಮುಗಿಯಲು ಎರಡು ದಿನ ಇರುವಾಗ ಇಡೀ ಕೇರಿಗೆ ಅವನು ಸುಣ್ಣ ಬಳಿಯುತ್ತಿದ್ದ. ಸುಣ್ಣ ಅವರವರದು, ಕೈ ಅವನದು. ಉಪವಾಸದ ಬಾಯಲ್ಲಿ, ಬೆಳಗಿನ ನಮಾಜಿನಿಂದ ಹೊತ್ತು ಮುಳುಗುವವರೆಗೆ, ಎರಡು ದಿನದಲ್ಲಿ ಅರವತ್ತೊಂದು ಮನೆಗಳ ಮುಂಗೋಡೆ. ಕೂಲಿ ತಗೊಳ್ಳುತ್ತಿರಲಿಲ್ಲ. ಹಬ್ಬದ ದಿನ ಕೇರಿಯಲ್ಲಿ ನಡೆದು ಹೋಗುವಾಗ ಹೆಂಗಸರು ಪರದೆ ಸರಿಸಿ "ಭಾಯಿ, ಈ ಸಲ ಹಾಲಿನಂಗೆ ಬಂದಿದೆ" ಎನ್ನಬೇಕು, ಅಷ್ಟೇ ಅವನ ಆಸೆ. ಬೇರೆ ಯಾರಾದರೂ ಕುಂಚ ಮುಟ್ಟಿದರೆ ಬೈಯುತ್ತಿದ್ದ. ಆ ಎರಡು ದಿನ ಅವನು ಹುಲ್ಲುದಿನ್ನೆಗೆ ದೊರೆ. ದೊರೆಯ ಹಾಗೇ ಆಡುತ್ತಿದ್ದ ಎಂದು ಅವನನ್ನು ಕಂಡರಾಗದವರು ಹೇಳುತ್ತಿದ್ದರು.

ಎಂಬತ್ತಾರರ ಮೇ ತಿಂಗಳಲ್ಲಿ ಮತದಾರರ ಪಟ್ಟಿ ಹೊಸದಾಗಿ ಬರೆಯಲು ಸರ್ಕಾರಿ ಶಾಲೆಯ ಟೀಚರು ಜಯಾ ಕೇರಿಗೆ ಬಂದಳು. ಹುಲ್ಲುದಿನ್ನೆಯ ಮನೆಗಳಿಗೆ ಅದುವರೆಗೆ ನಂಬರು ಇರಲಿಲ್ಲ. ಜಯಾ ಒಂದು ತಗಡಿನ ಡಬ್ಬಿಯಲ್ಲಿ ಕಾವಿ ಕಲಸಿಕೊಂಡು, ಬಾಗಿಲ ಬಲಕ್ಕೆ ಗೋಡೆಯ ಮೇಲೆ ಒಂದರಿಂದ ಅರವತ್ತೊಂದರವರೆಗೆ ಕೆಂಪಗೆ ಬರೆದಳು. ಪ್ರತಿ ಬಾಗಿಲಲ್ಲೂ ನಿಂತು ಹೆಸರು, ವಯಸ್ಸು ಕೇಳಿ ಪುಸ್ತಕ ತುಂಬಿದಳು. ಒಟ್ಟು ನೂರ ನಲವತ್ತಮೂರು ಮತದಾರರು. "ಮೇಲಿನವರು ಚೆಕ್ ಮಾಡೋಕೆ ಬರ್ತಾರೆ, ನಂಬರ್ ನೋಡ್ಕೊಂಡು ಟಿಕ್ ಹಾಕ್ತಾರೆ" ಎಂದು ಹೆಂಗಸರಿಗೆ ಹೇಳಿ ಹೋದಳು. ರಹಮತುಲ್ಲಾ ಆಗ ಆರ್.ಟಿ. ನಗರದಲ್ಲಿ ಏಣಿಯ ಮೇಲಿದ್ದ.

ಜೂನ್ ಮೊದಲ ವಾರ ಸುಣ್ಣದ ದಿನ ಬಂತು. ಮೊದಲನೆಯದು ಅವನದೇ ಮನೆ. ಸಬೀರಾ ಬಾಗಿಲಲ್ಲಿ ನಿಂತು, "ಆ ನಂಬರ್ ಬಿಟ್ಟು ಬಳೀರಿ. ಪಾಪ, ಟೀಚರಮ್ಮ ಬಿಸಿಲಲ್ಲಿ ಬರೆದಿದ್ದು" ಎಂದಳು. ಅವನು ಬಿಟ್ಟೇ ಬಳಿದ. ಹಿಂದೆ ಸರಿದು ನೋಡಿದ. ಬೆಳ್ಳಗಿನ ಗೋಡೆಯಲ್ಲಿ ಅಂಗೈ ಅಗಲದ ಕೊಳಕು ತೇಪೆ, ನಡುವೆ ಸೊಟ್ಟ ಅಂಕಿ. ಕಾವಿ ಸುಣ್ಣಕ್ಕೆ ಇಳಿದು ಅಂಚು ರಕ್ತದ ಕಲೆಯ ಹಾಗೆ ಕಾಣುತ್ತಿತ್ತು. ಹಬ್ಬಕ್ಕೆ ಇಂಥ ಗೋಡೆ ನಿಲ್ಲಿಸುವುದು ಅವನಿಂದಾಗಲಿಲ್ಲ. ಕುಂಚ ಅದ್ದಿ ಎರಡು ಕೈ ಎಳೆದ. ಆಮೇಲೆ ಉಳಿದ ಅರವತ್ತು ಮನೆಗಳಲ್ಲಿ ಯೋಚನೆಯನ್ನೇ ಮಾಡಲಿಲ್ಲ. ಯಾರೂ ತಡೆಯಲೂ ಇಲ್ಲ. ಖಾದರ್ ಬಾಷಾ ಮನೆಯೂ ಆಗಿದ್ದ ತನ್ನ ಡಿಪೋದ ಗೋಡೆಗೆ, ನಂಬರಿನ ಮೇಲೆಯೇ, ಇನ್ನೊಂದು ಕೈ ಬಳಿಸಿಕೊಂಡ.

ಆ ವರ್ಷ ಸುಣ್ಣ ಧಾರಾಳವಾಗಿತ್ತು. ಅಮೃತಹಳ್ಳಿ ಕಡೆಯ ಜಮೀನುದಾರ ಆವಲಪ್ಪನ ಮನೆಗೆ ರಹಮತುಲ್ಲಾ ಏಪ್ರಿಲ್‌ನಲ್ಲಿ ಮದುವೆಯ ಸುಣ್ಣ ಬಳಿದಿದ್ದ. ಮಿಕ್ಕಿದ ಎರಡು ಮೂಟೆ ಕಲ್ಲನ್ನು ಆವಲಪ್ಪ ಗಾಡಿಯಲ್ಲಿ ಕಳಿಸಿಕೊಟ್ಟಿದ್ದ. "ತಗೊಂಡೋಗಯ್ಯ, ನಿಮ್ಮ ಅಬ್ಬಕ್ಕೆ ಬೆಳ್ಳಗ್ ಮಾಡು" ಎಂದಿದ್ದ. ಅಷ್ಟೇ ಮಾತು.

ಈದ್‌ನ ಮಾರನೆಯ ದಿನವನ್ನು ಈ ಜನ ಬಾಸಿ ಈದ್ ಎನ್ನುತ್ತಾರೆ. ಆ ದಿನ ಯಾರೂ ಮನೆಯಲ್ಲಿರುವುದಿಲ್ಲ. ಹೆಂಗಸರು ತವರಿಗೆ, ಗಂಡಸರು ಮಕ್ಕಳನ್ನು ಕಟ್ಟಿಕೊಂಡು ಲಾಲ್‌ಬಾಗಿಗೆ. ಪಟ್ಟಿ ತಾಳೆ ನೋಡುವ ಮೇಲ್ವಿಚಾರಕನ ಜೀಪು ಹುಲ್ಲುದಿನ್ನೆಗೆ ಬಂದದ್ದು ಆ ದಿನವೇ. ಅರವತ್ತೊಂದು ಬಾಗಿಲಿಗೂ ಬೀಗ. ಗೋಡೆಗಳು ಹಾಲಿನಂತಿದ್ದವು, ಒಂದರ ಮೇಲೂ ಅಂಕಿ ಇರಲಿಲ್ಲ. ಆತ ಜೀಪಿನಿಂದ ಇಳಿಯದೆ "ನಂಬರಿಲ್ಲ, ವಾಸವಿಲ್ಲ" ಎಂದು ಬರೆದುಕೊಂಡು ಹೋದ. ಅದನ್ನು ಹಿಡಿದುಕೊಂಡು ಆವಲಪ್ಪ ಆಕ್ಷೇಪಣೆ ಹಾಕಿದ: ಹುಲ್ಲುದಿನ್ನೆಯ ಹೆಸರುಗಳು ಬೋಗಸ್, ಆ ಮನೆಗಳೇ ಇಲ್ಲ, ಆರ್.ಟಿ. ನಗರದ ಜನರನ್ನು ತಂದು ಇಲ್ಲಿ ಬರೆಸಿದ್ದಾರೆ. ನೋಟಿಸನ್ನು ಊರ ಚಾವಡಿಯ ಹಲಗೆಗೆ ಏಳು ದಿನ ಅಂಟಿಸಿದ್ದರು. ಹುಲ್ಲುದಿನ್ನೆಯವರನ್ನು ಚಾವಡಿಗೆ ಕರೆಯುತ್ತಿದ್ದುದು ಯಾರಾದರೂ ಅವರ ಮೇಲೆ ದೂರು ಕೊಟ್ಟಾಗ ಮಾತ್ರ. ಯಾರೂ ಓದಲಿಲ್ಲ. ಹೆಸರುಗಳು ಹೋದವು.

ಜನವರಿಯಲ್ಲಿ ಮಂಡಲ ಪಂಚಾಯಿತಿ ಚುನಾವಣೆ. ಆವಲಪ್ಪನ ಎದುರು ಅವನ ದಾಯಾದಿ ಅಶ್ವತ್ಥಪ್ಪ. ಹುಲ್ಲುದಿನ್ನೆಗೆ ಬೋರ್‌ವೆಲ್ ಹಾಕಿಸಿದ್ದು ಅಶ್ವತ್ಥಪ್ಪ; ಕೇರಿಯ ಓಟು ಯಾರಿಗೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮತದಾನದ ದಿನ ಹಬ್ಬದ ಬಟ್ಟೆ ಹಾಕಿಕೊಂಡು ಹೋದ ನೂರ ನಲವತ್ತಮೂರು ಜನ, ರಹಮತುಲ್ಲಾ ಮತ್ತು ಸಬೀರಾ ಸೇರಿ, ಪಟ್ಟಿಯಲ್ಲಿ ಹೆಸರಿಲ್ಲದೆ ವಾಪಸು ಬಂದರು. ಆವಲಪ್ಪ ಹದಿನೇಳು ಓಟಿನಿಂದ ಗೆದ್ದ.

ಯಾಕೆ ಹೀಗಾಯಿತು ಎಂದು ಹುಡುಕಲು ಕೇರಿಗೆ ಎರಡು ದಿನ ಸಾಕಾಯಿತು. ಆವಲಪ್ಪನ ಗಾಡಿಯಲ್ಲಿ ಬಂದ ಎರಡು ಮೂಟೆ ಸುಣ್ಣ ಎಲ್ಲರಿಗೂ ನೆನಪಿತ್ತು.

ಬೋರ್‌ವೆಲ್ಲಿನ ಕೊಳಾಯಿಯ ಬಳಿ ಸಬೀರಾಳ ಬಿಂದಿಗೆಯನ್ನು ಸಾಲಿನಿಂದ ಎತ್ತಿ ಕೊನೆಗಿಟ್ಟರು. ಅವಳ ಸರದಿ ಬರುವಾಗ ನೀರು ನಿಂತಿರುತ್ತಿತ್ತು. ಮೊಯಿನುದ್ದೀನನ ಅಂಗಡಿಯಲ್ಲಿ ರಹಮತುಲ್ಲಾ ಬೀಡಿ ಕೇಳಿದರೆ "ಖಾಲಿ" ಎನ್ನುತ್ತಿದ್ದ, ಕಟ್ಟುಗಳು ಅವನ ಬೆನ್ನ ಹಿಂದೆಯೇ ಕಾಣುತ್ತಿದ್ದವು. "ಆವಲಪ್ಪನ ಮನೇಲಿ ಸಿಗುತ್ತೆ ನೋಡು, ಮಚ್ಚಾ" ಎಂದು ಬೆಂಚಿನ ಮೇಲಿದ್ದವರು ನಗುತ್ತಿದ್ದರು. ಶುಕ್ರವಾರ ನಮಾಜಿಗೆ ನಿಂತರೆ ಅವನ ಎರಡೂ ಪಕ್ಕ ಒಂದೊಂದು ಆಳಿನ ಜಾಗ ಖಾಲಿ. ಒಂದು ಬೆಳಗ್ಗೆ ಅವನ ಗೋಡೆಯ ಮೇಲೆ, ಕಾವಿಯ ನಂಬರು ಇದ್ದ ಜಾಗದಲ್ಲೇ, ಇದ್ದಿಲಿನಿಂದ 'ದಲ್ಲಾಳಿ' ಎಂದು ಬರೆದಿತ್ತು. ಬರೆದದ್ದು ಕನ್ನಡದಲ್ಲಿ, ದಾರಿಹೋಕರೂ ಓದಲಿ ಎಂದು. ಒಂದು ಕೈ ಸುಣ್ಣ ಸಾಕಿತ್ತು. ಅವನು ಬಳಿಯಲಿಲ್ಲ.

"ಯಾಕೆ ಬಿಟ್ಟಿದೀರಿ ಅದನ್ನ?" ಎಂದಳು ಸಬೀರಾ.

"ಬರೆದವನೇ ಬಂದು ಒರೆಸಲಿ."

"ಅಂಕಿ ಒರೆಸೋಕೆ ಯಾರನ್ನೂ ಕಾಯ್ಲಿಲ್ಲ ನೀವು."

ಅವನು ಕುಂಚ ಎತ್ತಿಕೊಂಡು ಕೆಲಸಕ್ಕೆ ಹೊರಟ.

ಅಶ್ವತ್ಥಪ್ಪ ತಾನೇ ಬಂದ, ವಿಚಾರಣೆಯ ಹಿಂದಿನ ದಿನ, ಬುಧವಾರ ಸಂಜೆ, ಖಾದರ್ ಬಾಷಾನ ಜೊತೆ. ಚುನಾವಣೆಯ ಮೇಲೆ ದೂರು ಕೊಟ್ಟು ವಿಚಾರಣೆ ತರಿಸಿದ್ದವನು ಅವನೇ. ಒಳಗೆ ಬರಲಿಲ್ಲ, ಹೊಸ್ತಿಲಿನಾಚೆ ನಿಂತು, ರಹಮತುಲ್ಲಾನ ಹೇಳಿಕೆ ಎಂದು ಟೈಪು ಮಾಡಿಸಿದ ಒಂದು ಹಾಳೆ ಓದಿದ. ಆವಲಪ್ಪ ತನ್ನನ್ನು ಕರೆಸಿ, ಸುಣ್ಣ ಕೊಟ್ಟು, ಮನೆಗಳ ನಂಬರು ಅಳಿಸುವಂತೆ ಹೇಳಿದನೆಂದೂ, ತಾನು ಅದರಂತೆ ಅಳಿಸಿದೆನೆಂದೂ ಅದರಲ್ಲಿತ್ತು.

"ಅವರು ಹಂಗೆ ಹೇಳಿಲ್ಲ" ಎಂದ ರಹಮತುಲ್ಲಾ.

"ಯೋಳ್ದೆ ಇರ್ತಾನಾ? ಎಂಡ ಕೊಟ್ರೆ ಕುಡಿ ಅಂತ ಯೋಳ್ಬೇಕಾ? ಸುಣ್ಣ ಕೊಟ್ನಲ್ಲ, ಅದೇ ಯೋಳ್ದಂಗೆ" ಎಂದ ಅಶ್ವತ್ಥಪ್ಪ. "ಇಂಗೆ ಒಂದು ಸೈನ್ ಬಿದ್ರೆ ಎಲೆಕ್ಷನ್ ರದ್ದು ಅಂತ ಲಾಯರ್ ಅಂತಾನೆ. ನಿಮ್ಮ ಜನಕ್ಕೇ ಓಟು ವಾಪಸ್ ಬರೋದು ಕಣಯ್ಯ."

"ನಾಳೆಯಿಂದ ಎಲ್ಲ ಮೊದಲಿನಂಗೆ" ಎಂದ ಖಾದರ್ ಬಾಷಾ. "ರಂಜಾನ್‌ಗೆ ಸುಣ್ಣವೂ ನೀನೇ ಬಳಿ."

ಅವರು ಹೋದ ಮೇಲೆ ಸಬೀರಾ ಖಾಲಿ ಬಿಂದಿಗೆಯನ್ನು ಅವನ ಮುಂದೆ ತಂದಿಟ್ಟಳು. "ಹಾಕಿಬಿಡಿ. ಒಂದು ಸುಳ್ಳು. ಆವಲಪ್ಪ ಏನು ಪೀರನಾ? ಮನೆಯೇ ಇಲ್ಲ ಅಂತ ಬರೆದವನು ಅವನು ತಾನೇ? ನನಗೆ ನೀರು ಬೇಕು."

"ಅದರಲ್ಲಿ ಏನು ಬರೆದವ್ರೆ ಕೇಳಿದೆಯಾ? ಆವಲಪ್ಪ ಹೇಳಿದ, ನಾನು ಬಳಿದೆ. ಹದಿನೇಳು ವರ್ಷ ಈ ಕೇರಿಗೆ ಯಾರು ಹೇಳಿ ಬಳಿದೆ ನಾನು? ಒಂದು ಕಪ್ ಚಾ ತಗೊಂಡಿಲ್ಲ ಇವರ ಹತ್ರ. ಈಗ ನಾನು ಆವಲಪ್ಪನ ಆಳು ಅಂತ ನನ್ನ ಕೈಯಿಂದಾನೇ ಬರೆದುಕೊಡಬೇಕಾ?"

"ಕೊಡಿ. ಈಗ ಹೆಂಗೂ ಅಂತಾರಲ್ಲ."

"ಅನ್ನಲಿ. ಅಂದವರ ಬಾಯಿ ಅವರದು."

ಗುರುವಾರ ಬೆಳಗ್ಗೆ ಕೆರೆ ಏರಿಯ ಮೇಲೆ ನಡೆದು ಶಾಲೆಗೆ ಹೋಗುತ್ತಿದ್ದಾಗ ಎದುರಿನಿಂದ ಬಂದ ರಾಜದೂತ್ ಮೋಟಾರ್ ಸೈಕಲ್ ಅಡ್ಡ ನಿಂತಿತು. ಆವಲಪ್ಪ ಎಂಜಿನ್ ಆರಿಸಲಿಲ್ಲ.

"ಏನ್ ಸಾಬಿ, ಆಫೀಸರ್ ಮುಂದೆ ಏನ್ ಯೋಳ್ತೀಯ?"

"ಆಗಿದ್ದು ಹೇಳ್ತೀನಿ."

"ಯೋಳು ಯೋಳು. ನಾನು ಸುಣ್ಣ ಕೊಟ್ಟಿದ್ದು ದರ್ಮಕ್ಕೆ. ಅಷ್ಟು ನೆನಪಿರ್ಲಿ. ಆಮೇಲೆ ನೀವೆಲ್ಲ ಕುಂತಿರೋದು ಗೋಮಾಳದಾಗೆ, ಅದೂ ನೆನಪಿರ್ಲಿ. ಇವತ್ತು ಪಂಚಾಯ್ತಿ ನಂದು."

ಶಾಲೆಯ ದೊಡ್ಡ ಕೋಣೆಯಲ್ಲಿ ಮಕ್ಕಳನ್ನು ಹೊರಗೆ ಕಳಿಸಿ ಮೇಜು ಹಾಕಿದ್ದರು. ವಿಚಾರಣೆಯ ಅಧಿಕಾರಿ ನೆಗಡಿಯಾಗಿ ಮಫ್ಲರ್ ಸುತ್ತಿಕೊಂಡಿದ್ದ ತೆಳ್ಳನೆಯ ಮನುಷ್ಯ. ಬಲಕ್ಕೆ ಆವಲಪ್ಪನ ಕಡೆಯವರು, ಎಡಕ್ಕೆ ಅಶ್ವತ್ಥಪ್ಪ, ಅವನ ಲಾಯರು, ಹುಲ್ಲುದಿನ್ನೆಯ ನಲವತ್ತೈವತ್ತು ಗಂಡಸರು. ಮೇಲ್ವಿಚಾರಕನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವನು ಬರೆದ ಚೀಟಿ ಮಾತ್ರ ಬಂದಿತ್ತು. ಜಯಾ ತನ್ನ ಪುಸ್ತಕ ತೆರೆದು ತೋರಿಸಿದಳು. ಪ್ರತಿ ಮನೆಯ ಒಳಗೂ ಜನರನ್ನು ಕಣ್ಣಾರೆ ಕಂಡೆ ಎಂದಳು. "ಕಂಡಿದ್ರೆ ಆಮೇಲೆ ನಂಬರ್ ಎಲ್ಲಿ ಹೋಯ್ತಮ್ಮಾ?" ಎಂದು ಆವಲಪ್ಪನ ಕಡೆಯ ಒಬ್ಬ ಕೇಳಿದ. ಅವಳು ರಹಮತುಲ್ಲಾನನ್ನು ನೋಡಿದಳು. ಆ ನೋಟದಲ್ಲೂ ಸ್ನೇಹವಿರಲಿಲ್ಲ; ಅವಳ ಇನ್‌ಕ್ರಿಮೆಂಟನ್ನು ತಡೆಹಿಡಿದಿದ್ದರು.

ಲಾಯರು ಹಾಳೆಯನ್ನು ಮೇಜಿನ ಮೇಲಿಟ್ಟು ಪೆನ್ನು ಮುಂದೆ ಚಾಚಿದ. ರಹಮತುಲ್ಲಾ ಪೆನ್ನು ಮುಟ್ಟಲಿಲ್ಲ.

"ಆವಲಪ್ಪ ಸುಣ್ಣ ಕೊಟ್ಟಿದ್ದು ನಿಜವಾ?" ಎಂದರು ಅಧಿಕಾರಿ.

"ನಿಜ ಸಾರ್. ಎರಡು ಮೂಟೆ. ಅವರ ಮದುವೆ ಮನೇಲಿ ಮಿಕ್ಕಿದ್ದು."

"ನಂಬರ್ ಅಳಿಸು ಅಂತ ಹೇಳಿದ್ರಾ?"

"ಇಲ್ಲ."

ಎಡಗಡೆ ಗುಜುಗುಜು ಎದ್ದಿತು. "ಮಾರ್ಕೊಂಡ" ಎಂದು ಯಾರೋ ಜೋರಾಗಿಯೇ ಅಂದರು.

"ಬೇರೆ ಯಾರಾದ್ರೂ ಹೇಳಿದ್ರಾ?"

"ನನಗೆ ಯಾರೂ ಹೇಳಲ್ಲ ಸಾರ್. ನಾನೇ ಬಳಿದೆ."

"ಯಾಕೆ ಬಳಿದೆ?"

ರಹಮತುಲ್ಲಾ ಕೋಣೆಯ ಗೋಡೆಯ ಕಡೆ ನೋಡಿದ. ಅಗ್ಗದ ಸುಣ್ಣ, ನೀಲಿ ಹೆಚ್ಚಾಗಿ ಪಟ್ಟೆ ಬಿದ್ದಿತ್ತು.

"ಚೆನ್ನಾಗಿ ಕಾಣ್ತಿರ್ಲಿಲ್ಲ ಸಾರ್. ಮೊದಲನೇ ಮನೇಲಿ ಬಿಟ್ಟು ಬಳಿದು ನೋಡಿದೆ. ತೇಪೆ ಹಾಕಿದಂಗಿತ್ತು. ಹಬ್ಬ ಬೇರೆ."

ಬಲಗಡೆಯವರು ಬಿದ್ದು ಬಿದ್ದು ನಕ್ಕರು. "ಅಯ್ಯೋ ನಿನ್ನ! ನೂರ ನಲವತ್ಮೂರು ಓಟು, ಗೋಡೆ ಚೆಂದಾಗ್ ಕಾಣ್ಲಿ ಅಂತ!" ಎಂದು ಆವಲಪ್ಪ ತೊಡೆ ತಟ್ಟಿಕೊಂಡ. ಎಡಗಡೆ ಒಬ್ಬರೂ ನಗಲಿಲ್ಲ. ದುಡ್ಡಿಗೆ ಮಾಡಿದೆ ಎಂದಿದ್ದರೆ ಅವರಿಗೆ ಅರ್ಥವಾಗುತ್ತಿತ್ತು. ಒಬ್ಬನ ಕಣ್ಣಿಗೆ ಹಿತವಾಗಲಿಲ್ಲ ಎಂಬ ಕಾರಣಕ್ಕೆ ತಾವೆಲ್ಲ ಪಟ್ಟಿಯಿಂದ ಹೋದೆವು ಎನ್ನುವುದನ್ನು ನುಂಗಿಕೊಳ್ಳಲು ಆಗಲಿಲ್ಲ.

ಅಧಿಕಾರಿ ಸಾಕು ಎಂದು ಕೈ ಎತ್ತಿದರು. ರಹಮತುಲ್ಲಾ ಹೋಗಲಿಲ್ಲ.

"ಇನ್ನೊಂದು ಬರ್ಕೊಳ್ಳಿ ಸಾರ್. ಇವರು ನಗ್ತಾ ಇದಾರಲ್ಲ ಆವಲಪ್ಪನವರು, ಇವರ ಹೊಲಕ್ಕೆ ಕಳೆ ಕೀಳೋ ಹೆಂಗಸರು ನಮ್ಮ ಹುಲ್ಲುದಿನ್ನೆಯವರೇ. ಪ್ರತಿ ಸೋಮವಾರ ಇವರ ಆಳು ಅರವತ್ತೊಂದು ಬಾಗಿಲೂ ತಟ್ಟಿ ಕರ್ಕೊಂಡು ಹೋಗ್ತಾನೆ. ಬಾಗಿಲು ಹುಡುಕೋಕೆ ಅವನಿಗೆ ನಂಬರ್ ಬೇಕಾಗಿಲ್ಲ. ಗೋಡೆ ಬಳಿದಿದ್ದು ನಾನು. ಮನೆಯೇ ಇಲ್ಲ ಅಂತ ಸೈನ್ ಹಾಕಿದ್ದು ಯಾರು ಅಂತ ಅವರನ್ನ ಕೇಳಿ."

ಈಗ ಬಲಗಡೆಯ ನಗು ನಿಂತಿತು. ಆವಲಪ್ಪ ಎದ್ದು ನಿಂತು, "ಏಯ್, ನಾಲಿಗೆ ಬಿಗಿ ಇಡ್ಕೊ" ಎಂದ. ಅಧಿಕಾರಿ ಮೂಗು ಒರೆಸಿಕೊಂಡು ಅಷ್ಟನ್ನೂ ಬರೆದುಕೊಂಡರು.

ಹೊರಗೆ ಜಾಲಿಮರದ ಕೆಳಗೆ ಖಾದರ್ ಬಾಷಾ ಅವನನ್ನು ತಡೆದ. "ಇಷ್ಟು ಮಾತಾಡೋ ಬಾಯಿ ಇತ್ತಲ್ಲ, ಇನ್ನೊಂದು ಮಾತು ಜಾಸ್ತಿ ಆಡಿದ್ರೆ ಏನಾಗ್ತಿತ್ತು?"

"ನಿನ್ನ ಡಿಪೋ ಗೋಡೆಗೆ ಇನ್ನೊಂದು ಕೈ ಅಂತ ನಿಂತು ಬಳಿಸಿಕೊಂಡವನು ನೀನು. ಅವತ್ತು ನಂಬರ್ ಕಾಣ್ಲಿಲ್ವಾ ನಿನಗೆ? ಅದನ್ನ ಹೇಳ್ಲಿಲ್ಲ ನಾನು ಒಳಗೆ. ಹೇಳಿ ಬರ್ಲಾ?"

ಖಾದರ್ ಬಾಷಾ ಅವನ ಕಾಲ ಬಳಿ ಉಗುಳಿ ನಡೆದ. ಹಿಂದೆ ಬರುತ್ತಿದ್ದ ಗಂಡಸರು ರಹಮತುಲ್ಲಾನನ್ನು ಸುತ್ತುಬಳಸಿ ಹೋದರು.

ಮಾರ್ಚ್‌ನಲ್ಲಿ ಅಧಿಕಾರಿಯ ವರದಿ ಬಂತು. ಹುಲ್ಲುದಿನ್ನೆಯಲ್ಲಿ ಮನೆಗಳಿವೆ, ಜನರಿದ್ದಾರೆ, ಹೆಸರುಗಳನ್ನು ಮತ್ತೆ ಸೇರಿಸತಕ್ಕದ್ದು. ನಂಬರು ಅಳಿಸಿದ್ದರ ಹಿಂದೆ ಸಂಚು ಇದ್ದದ್ದಕ್ಕೆ ಸಾಕ್ಷ್ಯವಿಲ್ಲ. ಚುನಾವಣೆಯ ಫಲಿತಾಂಶ ತಮ್ಮ ವ್ಯಾಪ್ತಿಗೆ ಬರುವುದಿಲ್ಲ. ಅಶ್ವತ್ಥಪ್ಪ ಕೋರ್ಟಿಗೆ ಹೋದ. ಆವಲಪ್ಪ ಪಂಚಾಯಿತಿಯಲ್ಲಿ ಕುಳಿತ. ಆಕ್ಷೇಪಣೆಗೆ ಸೈನ್ ಹಾಕಿದ್ದನ್ನು ಯಾರೂ ಅವನಲ್ಲಿ ಕೇಳಲಿಲ್ಲ. ಕೊಳಾಯಿಯ ಬಳಿ ಸಬೀರಾಳ ಬಿಂದಿಗೆ ಕೊನೆಯಲ್ಲೇ ಉಳಿಯಿತು. ರಂಜಾನ್ ಹತ್ತಿರವಾದಾಗ ಮಸೀದಿ ಕಮಿಟಿ ಶಿವಾಜಿನಗರದಿಂದ ಇಬ್ಬರು ಸುಣ್ಣ ಬಳಿಯುವವರನ್ನು ಗೊತ್ತು ಮಾಡಿತು.

ಏಪ್ರಿಲ್ ಎರಡನೆಯ ವಾರ ರಹಮತುಲ್ಲಾ ಮತ್ತು ಸಬೀರಾ ಹುಲ್ಲುದಿನ್ನೆ ಬಿಟ್ಟು ಟಿ. ದಾಸರಹಳ್ಳಿಯಲ್ಲಿ ಒಂದು ಕೋಣೆಯ ಮನೆ ಬಾಡಿಗೆಗೆ ಹಿಡಿದರು. ಅವನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಗೇಟುಗಳಿಗೆ ಬಣ್ಣ ಬಳಿಯುವ ಕೆಲಸಕ್ಕೆ ಸೇರಿಕೊಂಡ.